ಅಕ್ಕ ಕಿತ್ತುಕೊಟ್ಟ ಪೆನ್‌ಡ್ರೈವ್

"ನಿಮ್ಮ ಮನ್ಯಾಗ ಡಿಗ್ರಿ ಅನ್ನೋದು ಆಗದ ಮಾತು" ಎಂದವಳು ನಮ್ಮ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ದೋಣಿಮಲೈಯ ಗಣಿ ಕಂಪನಿ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ, ನಲ್ಲಿಯ ಕೆಳಗೆ ಮೆಂತ್ಯೆ ಸೊಪ್ಪು ತೊಳೆಯುತ್ತಾ ನಮ್ಮ ಅವ್ವನಿಗೆ ಹೇಳಿದಳು. ಚುಚ್ಚಿ ಹೇಳಲಿಲ್ಲ. ಈ ಸಲ ಮಾವಿನಕಾಯಿ ಕಡಿಮೆ ಅನ್ನುವ ಹಾಗೆ ಹೇಳಿದಳು. ಅದಕ್ಕೇ ಅದು ಒಳಗೆ ಇಳಿಯಿತು. ಅವ್ವ ತೊಳೆದ ಸೊಪ್ಪನ್ನು ಕೊಡವಿ ತಟ್ಟೆಗೆ ಹಾಕಿದಳು.

ನಾನಾಗ ಹೈಸ್ಕೂಲಿನಲ್ಲಿದ್ದೆ. ದೊಡ್ಡವ್ವನ ಮಾತು ಕೇಳುತ್ತಲೇ ನಾನು ನೋಡುತ್ತಿದ್ದದ್ದು ಆ ನಲ್ಲಿಯನ್ನು. ಮಾತು ಮುಗಿಯುವ ತನಕವೂ ಅದು ಸುರಿಯುತ್ತಲೇ ಇತ್ತು, ಯಾರೂ ನಿಲ್ಲಿಸಬೇಕು ಎಂದುಕೊಳ್ಳಲಿಲ್ಲ. ಪಾಪಿನಾಯಕನಹಳ್ಳಿಯ ನಮ್ಮ ಓಣಿಯಲ್ಲಿ ನೀರು ಬಿಟ್ಟರೆ ಸುದ್ದಿ. ಅದು ಬಂದ ಹೊತ್ತಿಗೆ ಕೊಡ ಸಾಲಿನಲ್ಲಿ ಇಲ್ಲದವರಿಗೆ ಆ ದಿನದ ಸ್ನಾನವಿಲ್ಲ. ನನ್ನ ಹೊಟ್ಟೆಕಿಚ್ಚಿಗೆ ಹುಟ್ಟೂರು ಅಂತ ಒಂದಿದ್ದರೆ ಅದು ಆ ಅಡುಗೆಮನೆ.

ದೊಡ್ಡವ್ವನಿಗೆ ಒಬ್ಬಳೇ ಮಗಳು. ನನಗಿಂತ ಕೆಲವೇ ತಿಂಗಳು ಹಿರಿಯಳು, ಆದರೂ ಹೆಸರು ಹಿಡಿದು ಕರೆಯುವ ಹಾಗಿರಲಿಲ್ಲ, ಅಕ್ಕ ಎನ್ನಬೇಕಿತ್ತು. ಅದೂ ನನಗೆ ಸಂಕಟವೇ. ಅಕ್ಕನಿಗೆ ಓದುವುದಕ್ಕೆ ಮೇಜಿತ್ತು, ಮೇಜಿಗೆ ದೀಪವಿತ್ತು. ಆದರೆ ನಾನು ಉರಿದುಕೊಳ್ಳುತ್ತಿದ್ದದ್ದು ಅವಳ ವಸ್ತುಗಳಿಗಿಂತ ಹೆಚ್ಚಾಗಿ ಅವಳು ಅವುಗಳನ್ನು ಇಟ್ಟುಕೊಳ್ಳುತ್ತಿದ್ದ ರೀತಿಗೆ. ಕಂಪಾಸ್ ಬಾಕ್ಸ್ ಮುಚ್ಚುತ್ತಿರಲಿಲ್ಲ. ಪೆನ್ನಿನ ಕ್ಯಾಪು ಕಳೆದರೆ ಹುಡುಕುತ್ತಿರಲಿಲ್ಲ. ರಜೆಗೆ ಹೋದಾಗ ನಾನು ಅವಳ ಮಂಚದ ಕೆಳಗೆ ಬಗ್ಗಿ ಆ ಕ್ಯಾಪುಗಳನ್ನು ಹುಡುಕಿ ಹೊಂದಿಸಿ ಇಡುತ್ತಿದ್ದೆ. ಮರುದಿನ ಅವು ಮತ್ತೆ ಉರುಳಿ ಹೋಗಿರುತ್ತಿದ್ದವು.

ಅಜ್ಜ ಇಬ್ಬರು ಮಕ್ಕಳಲ್ಲಿ ಒಬ್ಬನನ್ನು ಐಟಿಐಗೆ ಕಳಿಸಿದ, ಇನ್ನೊಬ್ಬನನ್ನು ಮನೆಯಲ್ಲಿ ಉಳಿಸಿಕೊಂಡ. ಐಟಿಐಗೆ ಹೋದವನು ಗಣಿಯಲ್ಲಿ ಆಪರೇಟರ್ ಆದ. ಉಳಿದವನು ಅದಿರು ಲಾರಿಯ ಕ್ಲೀನರ್ ಆಗಿ, ಆಮೇಲೆ ಡ್ರೈವರ್ ಆದ. ಅವನೇ ನಮ್ಮಪ್ಪ. ಅಪ್ಪನಿಗೆ ಇದರ ಬಗ್ಗೆ ಒಂದಿಷ್ಟೂ ಬೇಸರವಿಲ್ಲ. ನಮ್ಮಣ್ಣ ಓದಿದ, ಪಡೆದ ಅನ್ನುತ್ತಾನೆ. ಅಪ್ಪನಂಥ ಮನಸ್ಸು ನನಗೆ ಬರಲಿಲ್ಲ. ಅವನ ಪಾಲಿನದೂ ಸೇರಿಸಿ ನಾನೇ ಉರಿದೆ.

ಪಿಯುಸಿ ಮುಗಿಸಿ ಹೊಸಪೇಟೆಯ ಕಾಲೇಜಿಗೆ ಬಿ.ಎ. ಸೇರಿದೆ. ನಮ್ಮ ಮನೆಯಲ್ಲಿ ಡಿಗ್ರಿ ಕಾಲೇಜಿನ ಕಾಂಪೌಂಡು ದಾಟಿ ಒಳಗೆ ಹೋದವಳು ನಾನೇ ಮೊದಲು. ಅಕ್ಕನೂ ಅದೇ ಕಾಲೇಜಿಗೆ, ಅದೇ ತರಗತಿಗೆ ಬಂದಳು. ಬೇರೆ ದೊಡ್ಡ ಕೋರ್ಸಿಗೆ ಬೇಕಾದಷ್ಟು ನಂಬರು ಅವಳಿಗೆ ಬಂದಿರಲಿಲ್ಲ. ಸುದ್ದಿ ಕೇಳಿ ನನಗೆ ಖುಷಿಯಾಯಿತು. ಆ ಖುಷಿ ಕ್ಲಾಸು ಶುರುವಾದ ದಿನದ ತನಕ ಮಾತ್ರ. ಅವಳು ಕಂಪನಿಯ ಸ್ಟಾಫ್ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನಿಂದ ಇಳಿದಳು, ಹೆಗಲಿಗೆ ಲ್ಯಾಪ್‌ಟಾಪಿನ ಬ್ಯಾಗು. ನಾನು ಟಂಟಂ ಆಟೊದಲ್ಲಿ ಸೊಪ್ಪಿನ ಮೂಟೆಗಳ ನಡುವೆ ಕೂತು ಬಂದಿದ್ದೆ.

ಕಂಪ್ಯೂಟರ್ ಇಲ್ಲದವರು ಪೆನ್‌ಡ್ರೈವ್ ತರಬೇಕು ಎಂದು ಲ್ಯಾಬಿನಲ್ಲಿ ಹೇಳಿದರು. ಅಪ್ಪ ತನ್ನ ಲಾರಿಯಿಂದ ಬಿಚ್ಚಿ ಕೊಟ್ಟ. ನಮ್ಮ ಕಡೆ ಪೆನ್‌ಡ್ರೈವ್ ಅಂದರೆ ಹಾಡಿನ ಕಡ್ಡಿ. ಲಾರಿ, ಟ್ರ್ಯಾಕ್ಟರು, ಕಬ್ಬಿನ ಗಾಡಿ ಎಲ್ಲದರಲ್ಲೂ ಒಂದು ಸಿಕ್ಕಿಸಿರುತ್ತಾರೆ. ಹೊಸಪೇಟೆಯ ಅಂಗಡಿಗಳಲ್ಲಿ ಅದಕ್ಕೆ ಹಾಡು ತುಂಬಿಸಿ ಕೊಡುತ್ತಾರೆ. ಅಪ್ಪನ ಕಡ್ಡಿಯಲ್ಲಿ ಹಳೇ ಸಿನಿಮಾ ಹಾಡು, ಶಿವನ ಭಜನೆ, ಒಂದಷ್ಟು ತೆಲುಗು ಹಾಡು ಇದ್ದವು. ಅದರ ಮೈಗೆ ಅದಿರಿನ ಕೆಂಪು ಧೂಳು ಹತ್ತಿತ್ತು, ಎಷ್ಟು ಒರೆಸಿದರೂ ಸಂದಿಯಲ್ಲಿ ಕೆಂಪು ಉಳಿಯಿತು. ಕ್ಯಾಪಿರಲಿಲ್ಲ. ಅಜ್ಜಿಯ ಎಲೆಅಡಿಕೆ ಸಂಚಿ ಮನೆಯಲ್ಲಿತ್ತು, ಸುಣ್ಣದ ಡಬ್ಬಿ ಇಡುವ ಒಳಗಿನ ಪುಟ್ಟ ಜೇಬಿನಲ್ಲಿ ಅದನ್ನಿಟ್ಟು ದಾರ ಎಳೆದು ಬಿಗಿ ಮಾಡಿದೆ. ಅಕ್ಕ ಅದನ್ನು ನೋಡಿ ಇಡೀ ಲ್ಯಾಬಿಗೆ ಕೇಳುವಂತೆ, "ಲೇ ಅಜ್ಜಿ, ಎಲಿ ಅಡಿಕಿ ನಮಗೂ ಕೊಡಲೇ" ಎಂದಳು. ಮೂರು ವರ್ಷವೂ ನನಗೆ ಅದೇ ಹೆಸರು.

ಪೆನ್‌ಡ್ರೈವನ್ನು ಹೇಗೆ ತೆಗೆಯಬೇಕು ಎಂದು ಲ್ಯಾಬಿನ ಮೇಡಂ ಮೊದಲ ವಾರವೇ ಹೇಳಿಕೊಟ್ಟರು. ಫೈಲು ಸೇವ್ ಮಾಡಿ, ಮುಚ್ಚಿ, ಪರದೆಯ ಕೆಳಗೆ ಬಲಮೂಲೆಯ ಸಣ್ಣ ಬಾಣ ಒತ್ತಬೇಕು. ಅಲ್ಲಿ ಕಡ್ಡಿಯ ಚಿತ್ರವಿರುತ್ತದೆ. ಅದನ್ನು ಒತ್ತಿ ಇಜೆಕ್ಟ್ ಅನ್ನಬೇಕು. ಕಂಪ್ಯೂಟರ್ ಒಂದು ಕ್ಷಣ ಯೋಚಿಸಿ, ಇನ್ನು ತೆಗೆಯಬಹುದು ಎಂದು ತಿಳಿಸುತ್ತದೆ. ಆಮೇಲೆ ತೆಗೆಯಬೇಕು. ಕೆಲವೊಮ್ಮೆ, ಇನ್ನೂ ಕೆಲಸ ನಡೆದಿದೆ, ಆಮೇಲೆ ಬಾ ಅನ್ನುತ್ತದೆ. ಆಗ ಕಾಯಬೇಕು. ನೋಡುವವರಿಗೆ ಬರೆಯುವುದು ಮುಗಿದಂತೆ ಕಂಡರೂ ಒಳಗೆ ಇನ್ನೂ ಬರೆಯುತ್ತಿರುತ್ತದಂತೆ, ಆ ಹೊತ್ತಿನಲ್ಲಿ ಕಿತ್ತರೆ ಇದ್ದದ್ದೂ ಕೆಡುತ್ತದಂತೆ.

ನನಗೆ ಆ ಅಪ್ಪಣೆ ಹಿಡಿಸಿತು. ಒಂದು ಯಂತ್ರ ನನ್ನ ಕೆಲಸ ಮುಗಿಯಿತೋ ಇಲ್ಲವೋ ನೋಡಿ, ಮುಗಿದ ಮೇಲೆ ನಿನ್ನದು ನೀನು ತಗೊಂಡು ಹೋಗು ಅನ್ನುವುದು. ನನ್ನ ಬದುಕಿನಲ್ಲಿ ಯಾರೂ ನನ್ನ ಕೆಲಸಕ್ಕೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಬಸ್ಸು ಹೊರಟಿದ್ದರೂ, ಲ್ಯಾಬಿನವರು ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರೂ, ಆ ಸಂದೇಶ ಕಾಣುವ ತನಕ ನಾನು ಕಡ್ಡಿಗೆ ಕೈ ಹಚ್ಚುತ್ತಿರಲಿಲ್ಲ.

ಮನೆಯಲ್ಲಿ ಇದನ್ನು ಹೇಳಿದಾಗ ಅರ್ಥ ಮಾಡಿಕೊಂಡವಳು ಅವ್ವ. ಭತ್ತದ ನಾಟಿ ಕಾಲಕ್ಕೆ ನಮ್ಮೂರಿನ ಹೆಂಗಸರ ಗುಂಪು ಟಂಟಂ ಮಾಡಿಕೊಂಡು ಕಂಪ್ಲಿ ಕಡೆಯ ಗದ್ದೆಗಳಿಗೆ ಹೋಗುತ್ತದೆ. ಅವ್ವ ಆ ಗುಂಪಿನಲ್ಲಿ ಸಸಿ ಕೀಳುವವಳು. ಸಸಿ ಬೆಳೆಸಿದ ಮಡಿಗೆ ಮೊದಲು ನೀರು ಬಿಟ್ಟು, ಮಣ್ಣು ಸಡಿಲಾಗುವ ತನಕ ಕಾದು, ಬುಡದಲ್ಲಿ ಹಿಡಿದು ಎಳೆಯಬೇಕು. ಆತುರಪಟ್ಟು ತುದಿ ಹಿಡಿದು ಕಿತ್ತರೆ ಕೈಗೆ ಬರುವುದು ಹಸಿರು ಮಾತ್ರ, ಬೇರು ಮಡಿಯಲ್ಲೇ ಉಳಿಯುತ್ತದೆ. ಹೊಸಬರು ಹಾಗೆ ಮಾಡಿದರೆ ಅವ್ವ ಸುಮ್ಮನಿರುವುದಿಲ್ಲ. "ನಿಮ್ಮ ಕಂಪ್ಯೂಟರಿಗೂ ನೀರು ಬಿಡಬೇಕಾತು ಅನ್ನು" ಎಂದು ನಕ್ಕಳು.

ಅಕ್ಕ ಒಂದು ದಿನವೂ ಇಜೆಕ್ಟ್ ಒತ್ತಿದವಳಲ್ಲ. ಮಾತಾಡುತ್ತಾ, ಬೇರೆಲ್ಲೋ ನೋಡುತ್ತಾ, ಎರಡು ಬೆರಳಿನಲ್ಲಿ ಹಿಡಿದು ಚಕ್ಕನೆ ಕೀಳುವಳು. ಕ್ಯಾಪು ಹಲ್ಲಿನ ನಡುವೆ ಇರುತ್ತಿತ್ತು. ಅವಳ ಬಳಿ ಒಂದಲ್ಲ, ಹಲವು ಪೆನ್‌ಡ್ರೈವ್ ಇದ್ದವು, ಒಂದು ಗಿಣಿಯ ಆಕಾರದ್ದು. ಒಂದು ಹಾಳಾದರೆ ಇನ್ನೊಂದು, ಅದೂ ಹಾಳಾದರೆ ಲ್ಯಾಪ್‌ಟಾಪಿನಲ್ಲಿ ಎಲ್ಲ ಇದ್ದೇ ಇತ್ತು. ಆದರೆ ಹಾಳಾಗಲಿಲ್ಲ. ಅವಳು ಕಿತ್ತಾಗಲೆಲ್ಲ ನಾನು ಉಸಿರು ಹಿಡಿದು ನೋಡುತ್ತಿದ್ದೆ. ಈ ಸಲವಾದರೂ ಏನಾದರೂ ಆಗಲಿ, ಒಂದು ಫೈಲಾದರೂ ಹೋಗಲಿ, ಮೇಡಂ ಹೇಳಿದ್ದು ನಿಜವಾಗಲಿ. ಆಗುತ್ತಿರಲಿಲ್ಲ. ಮರುದಿನ ಅದೇ ಗಿಣಿಯನ್ನು ಸಿಕ್ಕಿಸಿ ತನ್ನ ಫೈಲು ತೆರೆಯುವಳು, ಎಲ್ಲ ಅಕ್ಷರ ಇದ್ದಲ್ಲೇ ಇರುತ್ತಿದ್ದವು. ಅಜಾಗರೂಕತೆ ಕೂಡ ಆಸ್ತಿ ಇದ್ದವರಿಗೇ ಒಗ್ಗುತ್ತದೆ ಎಂದು ನನಗೆ ತಿಳಿದದ್ದು ಹಾಗೆ.

ಕೊನೆಯ ಸೆಮಿಸ್ಟರಿಗೆ ಪ್ರತಿಯೊಬ್ಬರೂ ಪ್ರಾಜೆಕ್ಟ್ ರಿಪೋರ್ಟ್ ಬರೆದು ಕೊಡಬೇಕಿತ್ತು. ಹೇಳಿದ ದಿನದೊಳಗೆ ಕೊಡದಿದ್ದರೆ ಹಾಲ್ ಟಿಕೆಟ್ ಇಲ್ಲ, ಹಾಲ್ ಟಿಕೆಟ್ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಅಕ್ಕ ಹಂಪಿಗೆ ಬರುವ ಪ್ರವಾಸಿಗರ ಮೇಲೆ ಮಾಡಿದಳು. ಫೋನಿನಲ್ಲಿ ಪ್ರಶ್ನೆಗಳ ಫಾರ್ಮು ಮಾಡಿ, ಅಲ್ಲಿ ಗೈಡ್ ಆಗಿದ್ದ ಪರಿಚಯದವರಿಗೆ ಕಳಿಸಿದಳು. ಮಂಚದ ಮೇಲೆ ಮಲಗಿದ್ದಲ್ಲಿಗೇ ಉತ್ತರಗಳು ಬಂದು ಬಿದ್ದವು, ಬಣ್ಣಬಣ್ಣದ ಚಕ್ರಗಳನ್ನು ಫೋನೇ ಬಿಡಿಸಿಕೊಟ್ಟಿತು. ನಾನು ಕಂಪ್ಲಿ ಭಾಗದ ನಾಟಿ ಗುಂಪುಗಳ ಬಗ್ಗೆ ಆರಿಸಿಕೊಂಡೆ. ಗುಂಪು ಹೇಗೆ ಕಟ್ಟುತ್ತಾರೆ, ಯಾರು ಮೇಸ್ತ್ರಿ ಆಗುತ್ತಾರೆ, ಬಸುರಿಯಿದ್ದರೆ ಅವಳ ಸಾಲನ್ನು ಯಾರು ಹಿಡಿಯುತ್ತಾರೆ, ಇಂಥವು. ಕೆಸರಿನಲ್ಲಿ ಅವ್ವನ ಪಕ್ಕ ನಿಂತೇ ಕೇಳಿದೆ. ಬಗ್ಗಿದ ಹೆಂಗಸರು ತಲೆ ಎತ್ತದೇ ಉತ್ತರ ಹೇಳುತ್ತಿದ್ದರು, ನಡುನಡುವೆ ನನಗೇ ತಿರುಗಿ ಪ್ರಶ್ನೆ ಹಾಕುತ್ತಿದ್ದರು. ನೀ ಯಾವಾಗ ಮದುವಿ ಆಗ್ತಿ ಅನ್ನುವುದು ಎಲ್ಲರ ಪ್ರಶ್ನೆ.

ಅದನ್ನೆಲ್ಲ ಕಾಲೇಜಿನ ಲ್ಯಾಬಿನಲ್ಲಿ, ಬಿಡುವಿನ ಪೀರಿಯಡ್ಡುಗಳಲ್ಲಿ ಟೈಪು ಮಾಡಿದೆ. ಆ ಕಂಪ್ಯೂಟರುಗಳಲ್ಲಿ ನಮ್ಮ ಫೈಲು ಇಟ್ಟರೆ ನಿಲ್ಲುತ್ತಿರಲಿಲ್ಲ, ಪ್ರತಿದಿನ ಚಾಲೂ ಮಾಡಿದಾಗ ಹಿಂದಿನದೆಲ್ಲ ತಾವೇ ಅಳಿಸಿಕೊಳ್ಳುತ್ತಿದ್ದವು. ನೆಟ್ಟು ಇದ್ದರೂ ಇಲ್ಲದಂತೆ. ಹಾಗಾಗಿ ನನ್ನ ರಿಪೋರ್ಟು ಇದ್ದದ್ದು ಜಗತ್ತಿನಲ್ಲಿ ಒಂದೇ ಕಡೆ, ಕೆಂಪು ಧೂಳಿನ ಆ ಕಡ್ಡಿಯಲ್ಲಿ, ಅಪ್ಪನ ಹಾಡುಗಳ ಪಕ್ಕದಲ್ಲಿ.

ರಿಪೋರ್ಟು ಕೊಡಲು ಶನಿವಾರ ಕೊನೆ. ಶುಕ್ರವಾರ ಮಧ್ಯಾಹ್ನ ಪ್ರಿಂಟು ಹಾಕಿಸಲು ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋದೆ. ಝೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಹಾಡು ತುಂಬಿಸುವುದು, ಎಲ್ಲ ಒಂದೇ ಕೋಣೆಯಲ್ಲಿ. ಅಪ್ಪನಿಗೆ ಹಾಡು ತುಂಬಿಸಿಕೊಟ್ಟವನೂ ಈ ಅಂಗಡಿಯವನೇ. ಅವನ ಕಂಪ್ಯೂಟರಿನ ಮುಂದಿನ ಎರಡು ತೂತುಗಳಲ್ಲಿ ಒಂದು ಕೆಟ್ಟಿತ್ತು, ಎಲ್ಲರ ಕಡ್ಡಿಯೂ ಉಳಿದ ಒಂದರಲ್ಲೇ. ಅಂಗಡಿಯವನು ನನ್ನ ಫೈಲು ತೆರೆದು, ಪುಟಗಳ ನಂಬರು ಅಡ್ಡಾದಿಡ್ಡಿ ಇವೆ ಎಂದು ಸರಿ ಮಾಡತೊಡಗಿದ. ಅಷ್ಟರಲ್ಲಿ ಯಾರೋ ಲ್ಯಾಮಿನೇಷನ್ನಿಗೆ ಆಧಾರ್ ಕಾರ್ಡು ಹಿಡಿದುಕೊಂಡು ಬಂದರು. ಅವನು ಎದ್ದು ಆ ಕಡೆ ಹೋದ.

ಆಗ ಅಕ್ಕ ಬಂದಳು. ಅವಳದೂ ಪ್ರಿಂಟು ಆಗಬೇಕಿತ್ತು. ಮನೆಯಲ್ಲಿ ಪ್ರಿಂಟರ್ ಇದ್ದರೂ ಬಣ್ಣ ಮುಗಿದಿತ್ತಂತೆ. ಹೊರಗೆ ಸರ್ಕಲ್ಲಿನಲ್ಲಿ ಸ್ಟಾಫ್ ಬಸ್ಸು ನಿಂತಿದೆ, ಡ್ರೈವರ್ ಅಂಕಲ್ ಕಾಯುತ್ತಿದ್ದಾನೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಹೇಳುತ್ತಲೇ ಬಗ್ಗಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕಡ್ಡಿ ಅವಳ ಎರಡು ಬೆರಳಿನ ನಡುವೆ ಇತ್ತು.

"ತಗೋ ಅಜ್ಜಿ, ನಿನ್ನ ಸುಣ್ಣದ ಡಬ್ಬಿ."

"ಅಕ್ಕಾ, ಫೈಲ್ ತೆರದಿತ್ತು."

"ಏನಾಗಲ್ಲ ಬಿಡಲೇ. ನಾ ದಿನಾ ಹಿಂಗ ತೆಗಿಯಾಕಿ."

ಕಡ್ಡಿ ಅಂಗೈಯಲ್ಲಿ ಬೆಚ್ಚಗಿತ್ತು. ಅವಳು ಗಿಣಿ ಸಿಕ್ಕಿಸಿ, ತಾನೇ ಮೌಸು ಹಿಡಿದು ತನ್ನ ಹಂಪಿಯನ್ನು ತೆರೆದು ಪ್ರಿಂಟು ಕೊಟ್ಟಳು. ಬಣ್ಣದ ಹಾಳೆಗಳು ಒಂದೊಂದಾಗಿ ಹೊರಬಿದ್ದವು. ಹಾಳೆ ಜೋಡಿಸಿ, ಫೋನು ತೋರಿಸಿ ದುಡ್ಡು ಕೊಟ್ಟು, ಗಿಣಿಯನ್ನು ಅದೇ ಎರಡು ಬೆರಳಿನಲ್ಲಿ ಕಿತ್ತು ಹೋದಳು. ಕಾದಿದ್ದ ಬಸ್ಸು ಹೊರಟದ್ದೂ ಕೇಳಿಸಿತು.

ಅಂಗಡಿಯವನು ಬಂದು ಕೂತು, ಕೊಡವ್ವ ನಿಂದು ಅಂದ. ಸಿಕ್ಕಿಸಿದ. ಪರದೆಯ ಮೇಲೆ ಒಂದು ಚೌಕ ಬಂತು: ಈ ಡಿಸ್ಕನ್ನು ಬಳಸುವ ಮೊದಲು ಎಲ್ಲ ಅಳಿಸಿ ಹೊಸದಾಗಿ ಸಿದ್ಧ ಮಾಡಬೇಕು, ಮಾಡಲೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಅವನು ಬೇಡ ಎಂದು ಒತ್ತಿ, ಕಡ್ಡಿ ತೆಗೆದು ಬಾಯಿಯಿಂದ ಊದಿ, ಅಂಗಿಗೆ ಒರೆಸಿ ಮತ್ತೆ ಹಾಕಿದ. ಅದೇ ಚೌಕ. ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿಗೆ ಹಾಕಿದ. ಅಲ್ಲೂ ಅದೇ. ಕಡ್ಡಿ ಹೋತವ್ವ ಅಂದ, ಇದು ಲಾರ್‍ಯಾಗಿಂದಲ್ಲೇನು, ಭಾಳ ಹಳೇದು.

ಅಕ್ಕನಿಗೆ ಫೋನು ಮಾಡಿದೆ. ಬಸ್ಸಿನ ಸದ್ದಿನ ನಡುವೆ ಅವಳಿಗೆ ನಾನು ಹೇಳಿದ್ದು ಅರ್ಥವಾಗುವುದಕ್ಕೇ ಹೊತ್ತು ಹಿಡಿಯಿತು. ತನ್ನ ಕಡ್ಡಿಗೆ ಎಂದೂ ಹಾಗಾಗಿಲ್ಲ, ನಿಂದು ಕಡಿಮೆ ಕಂಪನಿದು ಇರಬೇಕು ಅಂದಳು. ಮೇಲ್ ಮಾಡಿಟ್ಟುಕೊಂಡಿಲ್ಲವಾ ಎಂದು ಕೇಳಿದಳು. ಆಮೇಲೆ ಬಹಳ ಪ್ರೀತಿಯಿಂದಲೇ, "ಅಳಬ್ಯಾಡಲೇ. ಅಪ್ಪಾಜಿಗೆ ಹೇಳಿ ಕಾಲೇಜಿನ್ಯಾಗ ಮಾತಾಡಸ್ತೀನಿ. ಒಂದ್ ವಾರ ಟೈಮ್ ಕೊಡತಾರ" ಅಂದಳು.

ಅವಳು ಸುಳ್ಳು ಹೇಳುತ್ತಿರಲಿಲ್ಲ. ದೊಡ್ಡಪ್ಪ ಹೇಳಿದರೆ ಕೊಡುತ್ತಿದ್ದರೇನೋ. ನನ್ನನ್ನು ಸುಟ್ಟದ್ದು ಅದೇ. ನನ್ನದನ್ನು ಕೆಡಿಸುವುದೂ ಅವಳಿಗೆ ಎರಡು ಬೆರಳಿನ ಕೆಲಸ, ಸರಿಪಡಿಸುವುದೂ ಒಂದು ಫೋನಿನ ಕೆಲಸ. ನಾಳೆ ದೊಡ್ಡವ್ವನ ಅಡುಗೆಮನೆಯಲ್ಲಿ, ನಲ್ಲಿಯ ಕೆಳಗೆ ಯಾವುದೋ ಸೊಪ್ಪು ತೊಳೆಯುವಾಗ, ಪಾಪ ಆ ಹುಡುಗಿದು ಆಗ್ತಿರಲಿಲ್ಲ, ಇವರೇ ಹೇಳಿ ಮಾಡಿಸಿದರು ಎಂಬ ಮಾತು ಹೊರಡುತ್ತದೆ. ಡಿಗ್ರಿ ಬಂದರೂ ಅದು ಅವರು ಕೊಡಿಸಿದ ಡಿಗ್ರಿ ಆಗುತ್ತದೆ. ಬ್ಯಾಡ ಅಂದು ಫೋನು ಇಟ್ಟೆ. ಬೇಡ ಅಂದೆನೇ ಹೊರತು ನನ್ನ ಬಳಿ ಬೇರೆ ದಾರಿ ಏನೂ ಇರಲಿಲ್ಲ.

ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಮರಿಯಮ್ಮನಹಳ್ಳಿ ಕಡೆಯ ಲಾರಿಗಳು ಸಾಲಾಗಿ ನಿಂತು ಹಾರನ್ ಹೊಡೆಯುತ್ತಿದ್ದವು. ಅಪ್ಪನಿಗೆ ಹೇಳಲೇ, ಅವ್ವನಿಗೆ ಹೇಳಲೇ ಎಂದು ಯೋಚಿಸಿದೆ. ಅವ್ವನಿಗೆ ಹೇಳುವುದಾದರೆ ಏನೆಂದು ಹೇಳಬೇಕು? ತುದಿ ಹಿಡಿದು ಕಿತ್ತಳು ಎಂದು ಹೇಳಬೇಕು. ಆಗ ಅವ್ವ ಏನು ಕೇಳುತ್ತಾಳೆ ಎಂಬುದೂ ನನಗೆ ಗೊತ್ತಿತ್ತು. ಹೊಸಬಳೊಬ್ಬಳು ಹಾಗೆ ಕಿತ್ತಾಗ ಅವ್ವ ಅವಳ ಕೈಯಲ್ಲಿದ್ದ ಹಸಿರನ್ನು ನೋಡುತ್ತಿರಲಿಲ್ಲ. ಸೀದಾ ಮಡಿಗೆ ಕೈಹಾಕಿ, ಕೆಸರಿನೊಳಗೆ ಬೆರಳಾಡಿಸಿ, ಏನು ಉಳಿದಿದೆ ಎಂದು ನೋಡುತ್ತಿದ್ದಳು.

ನಾನು ಕೈಯಲ್ಲಿದ್ದ ಕಡ್ಡಿಯನ್ನೇ ನೋಡುತ್ತಾ ಕೂತಿದ್ದೆ. ಮಡಿಯನ್ನು ಯಾರೂ ನೋಡಿರಲಿಲ್ಲ. ನನ್ನ ಫೈಲು ಅಂಗಡಿಯವನ ಪರದೆಯ ಮೇಲೆ ತೆರೆದಿತ್ತು. ಅಕ್ಕ ಅದನ್ನು ಮುಚ್ಚಲಿಲ್ಲ, ಕಡ್ಡಿಯನ್ನಷ್ಟೇ ಕಿತ್ತಳು.

ಎದ್ದು ಒಳಗೆ ಹೋದರೆ ಅಂಗಡಿಯವನು, ತಡಿಯವ್ವ, ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಾಣ ಅನ್ನುತ್ತಿದ್ದ. ನಮ್ಮೂರುಗಳಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲ ಮದ್ದು ಅದೇ, ಟಿವಿಯಾಗಲಿ ಬೋರಿನ ಮೋಟಾರಾಗಲಿ, ಬಂದ್ ಮಾಡಿ ಚಾಲೂ ಮಾಡುವುದು. ಅವನ ಬಾಣ ಆಗಲೇ ಪರದೆಯ ಮೂಲೆಗೆ ಹೋಗಿ ನಿಂತಿತ್ತು.

"ಅಣ್ಣಾ, ಬಂದ್ ಮಾಡಬ್ಯಾಡ್ರಿ. ಕೈ ತೆಗಿರಿ."

ನನ್ನ ದನಿ ಹೇಗಿತ್ತೋ, ಅವನು ನಿಜಕ್ಕೂ ಎರಡೂ ಕೈಗಳನ್ನು ಮೇಜಿನಿಂದ ಮೇಲೆತ್ತಿದ. ಲ್ಯಾಮಿನೇಷನ್ನಿಗೆ ಬಂದವರು ತಿರುಗಿ ನೋಡಿದರು. ಅವನಿಗೆ ಒಂದು ಅಭ್ಯಾಸವಿತ್ತು, ತೆರೆದದ್ದನ್ನು ಮುಚ್ಚುವವನಲ್ಲ. ಪರದೆಯ ಕೆಳಸಾಲಿನಲ್ಲಿ ಯಾರ್‍ಯಾರದೋ ಅರ್ಜಿ, ಯಾರದೋ ಮದುವೆ ಕಾರ್ಡು, ಹಾಡಿನ ಪಟ್ಟಿ, ಎಲ್ಲ ಒಂದರ ಹಿಂದೆ ಒಂದು ಕೂತಿದ್ದವು. ನಾನು ಮೌಸು ತೆಗೆದುಕೊಂಡು ಆ ಸಾಲಿನಲ್ಲಿದ್ದ ವರ್ಡ್ ಫೈಲುಗಳ ನೀಲಿ ಅಕ್ಷರದ ಮೇಲೆ ಬಾಣ ಇಟ್ಟೆ. ಎರಡು ಸಣ್ಣ ಕಿಟಕಿಗಳು ಮೇಲೆದ್ದವು. ಮೊದಲನೆಯದು ಅಕ್ಕನ ಹಂಪಿ. ಅದರ ಹಿಂದಿನದು ನನ್ನದು.

ಒತ್ತಿದೆ. ನಾಟಿ ಗುಂಪಿನ ಮೊದಲ ಅಧ್ಯಾಯ ಪರದೆ ತುಂಬಿತು. ಕೆಳಗೆ ಕೆಳಗೆ ಜಾರಿಸಿದೆ. ಬಸುರಿಯ ಸಾಲು ಯಾರು ಹಿಡಿಯುತ್ತಾರೆ ಎಂಬ ಪುಟವಿತ್ತು, ಕೋಷ್ಟಕಗಳಿದ್ದವು, ಕೊನೆಯಲ್ಲಿ ಕೃತಜ್ಞತೆಯ ಪುಟದಲ್ಲಿ ಅಪ್ಪ ಅವ್ವ ಇದ್ದರು. ಕಡ್ಡಿ ಕಿತ್ತು ಹೋಗಿದ್ದರೂ ಅದು ಆ ಕಂಪ್ಯೂಟರಿನ ನೆನಪಿನಲ್ಲಿ ನಿಂತಿತ್ತು. ಬಂದ್ ಮಾಡಿದ್ದರೆ ಅದೂ ಹೋಗುತ್ತಿತ್ತು. ಸೇವ್ ಒತ್ತಿದರೆ ಆ ಡಿಸ್ಕು ಸಿಗುತ್ತಿಲ್ಲ ಎಂದು ಹೇಳಿತು. ಬೇರೆ ಜಾಗ ಆರಿಸಿ ಅವನ ಡೆಸ್ಕ್‌ಟಾಪಿನಲ್ಲೇ ಉಳಿಸಿದೆ, ಅಲ್ಲಿಂದ ನನಗೇ ಮೇಲ್ ಮಾಡಿಸಿದೆ, ಮೇಲ್ ಬಂತೆಂದು ನನ್ನ ಫೋನಿನಲ್ಲಿ ತೆರೆದು ನೋಡಿದ ಮೇಲೆಯೇ ಪ್ರಿಂಟು ಒತ್ತಲು ಬಿಟ್ಟೆ. ಇಷ್ಟು ಹುಷಾರಿ ಇರೋ ಹುಡುಗಿ ಆ ಹುಡುಗಿ ಕೈಗೆ ಯಾಕ ಕೊಟ್ಟಿ ಎಂದು ಅಂಗಡಿಯವನು ಕೇಳಿದ. ಕೊಟ್ಟಿರಲಿಲ್ಲ ಅಣ್ಣಾ ಅಂದೆ.

ನನ್ನ ಹಾಳೆಗಳು ಕಪ್ಪುಬಿಳುಪಿನಲ್ಲಿ ಬಂದವು. ಬೆಚ್ಚಗಿದ್ದ ಆ ಕಟ್ಟನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದೆ. ಶನಿವಾರ ಬೆಳಿಗ್ಗೆ ಕಾಲೇಜಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತು, ಎಲ್ಲರಿಗಿಂತ ಮುಂಚೆ ಕೊಟ್ಟೆ.

ಅಪ್ಪನ ಹಾಡುಗಳು ಮಾತ್ರ ಉಳಿಯಲಿಲ್ಲ. ಅಂಗಡಿಯವನು ಕಡ್ಡಿಯನ್ನು ಪೂರ್ತಿ ಅಳಿಸಿ ಹೊಸದಾಗಿ ತುಂಬಿಸಿಕೊಟ್ಟ, ಆದರೆ ಆ ತೆಲುಗು ಹಾಡುಗಳಲ್ಲಿ ಕೆಲವು ಅವನಿಗೆ ಮತ್ತೆ ಸಿಗಲಿಲ್ಲ. ಅಪ್ಪ ಬೇಸರ ಮಾಡಿಕೊಳ್ಳಲಿಲ್ಲ. ಲಾರಿಯಲ್ಲಿ ಆ ಹಾಡು ಬರಬೇಕಾದ ಹೊತ್ತಿಗೆ ತಾನೇ ಗುನುಗುತ್ತೇನೆ ಅಂದ.

ಅಕ್ಕ ಸೋಮವಾರ ಸಿಕ್ಕಾಗ, ಸಿಕ್ಕಿತಂತಲ್ಲ, ನಾ ಹೇಳಿರಲಿಲ್ಲೇನು ಏನಾಗಲ್ಲ ಅಂತ ಎಂದು ನನ್ನ ಬೆನ್ನು ತಟ್ಟಿದಳು. ಆ ಕೈಯನ್ನು ನಾನು ಸರಿಸಿದೆ. ಅವಳು ಅದನ್ನು ಗಮನಿಸಲೂ ಇಲ್ಲ, ಯಾರನ್ನೋ ಕೂಗುತ್ತಾ ಹೋದಳು. ಪ್ರಾಜೆಕ್ಟಿಗೆ ಅವಳಿಗೆ ನನಗಿಂತ ಹೆಚ್ಚು ನಂಬರು ಬಂತು. ಬಣ್ಣದ ಚಕ್ರಗಳನ್ನು ಮೇಷ್ಟರು ಎಲ್ಲರಿಗೂ ಎತ್ತಿ ತೋರಿಸಿದರು. ಒಟ್ಟು ಪರೀಕ್ಷೆಯಲ್ಲಿ ನಾನು ಮುಂದಿದ್ದೆ, ಆದರೂ ಆ ಚಕ್ರಗಳು ನನ್ನ ಕಣ್ಣಿನಿಂದ ಹೋಗಿಲ್ಲ. ದೊಡ್ಡ ಮನಸ್ಸಿನವಳಾದೆ ಎಂದು ಬರೆಯಬಹುದಿತ್ತು, ಆದರೆ ಆಗಿಲ್ಲ. ಇವತ್ತಿಗೂ ಯಾರಾದರೂ ನನ್ನೆದುರು ಕಡ್ಡಿಯನ್ನು ಚಕ್ಕನೆ ಕಿತ್ತರೆ ನನಗೆ ಹೊಟ್ಟೆಯಲ್ಲಿ ಕಿಡಿ ಬೀಳುತ್ತದೆ. ಹಾಗೆ ಕೀಳುವ ಧೈರ್ಯ ನನ್ನ ಬೆರಳಿಗೆ ಎಂದೂ ಬರುವುದಿಲ್ಲ.

ಡಿಗ್ರಿ ಸರ್ಟಿಫಿಕೇಟು ಬಂದಿದೆ, ಬಂದು ತೆಗೆದುಕೊಂಡು ಹೋಗಿ ಎಂದು ಕಾಲೇಜಿನಿಂದ ಮೆಸೇಜು ಬಂದಾಗ ಅವ್ವನನ್ನೂ ಕರೆದುಕೊಂಡು ಹೋದೆ. ಅವ್ವ ಅವತ್ತು ಕೆಲಸ ಬಿಟ್ಟು, ಮದುವೆಗಳಿಗೆ ಉಡುವ ಸೀರೆ ಉಟ್ಟಿದ್ದಳು. ಆಫೀಸಿನ ಕಿಟಕಿಯ ಮುಂದೆ ಸಾಲು. ನಮಗಿಂತ ಮುಂದೆ ಅಕ್ಕ ಮತ್ತು ದೊಡ್ಡವ್ವ ನಿಂತಿದ್ದರು. ದೊಡ್ಡವ್ವ ಅವ್ವನ ಸೀರೆಯನ್ನು ನೋಡಿ, ಆರಾಮ ಅದೀರಾ ಎಂದು ಕೇಳಿದಳು. ಆ ಹಳೇ ಮಾತನ್ನು ಅವಳು ಮರೆತಿದ್ದಾಳೆ ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಅವಳು ಆಡಿ ಮರೆತಳು, ನಾನು ಅದನ್ನು ಹೊತ್ತುಕೊಂಡು ಓದಿದೆ.

ಅಕ್ಕನ ಸರದಿ ಬಂತು. ಕ್ಲರ್ಕು ಸಹಿ ಹಾಕಿಸಿಕೊಂಡು ಅವಳ ಸರ್ಟಿಫಿಕೇಟನ್ನು ಕಿಟಕಿಯಿಂದ ಅರ್ಧ ಹೊರಗೆ ಹಿಡಿದು, ಹೆಸರು ಸರಿ ಇದೆಯಾ ಎಂದು ಓದುತ್ತಿದ್ದರು. ಅಕ್ಕ ಫೋನಿನಲ್ಲಿ ಮಾತಾಡುತ್ತಲೇ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಚಕ್ಕನೆ ಎಳೆದುಕೊಂಡಳು. ನಾನು ಉಸಿರು ಹಿಡಿದೆ. ಏನೂ ಆಗಲಿಲ್ಲ. ಮೂಲೆ ಕೂಡ ಮಡಚಿಕೊಳ್ಳಲಿಲ್ಲ. ಅವಳು ಅದನ್ನು ದೊಡ್ಡವ್ವನ ಕೈಗಿತ್ತು ಮಾತು ಮುಂದುವರಿಸಿದಳು.

ಆಮೇಲೆ ನನ್ನದು. ಸಹಿ ಹಾಕಿದೆ. ಕ್ಲರ್ಕು ಕಟ್ಟಿನಿಂದ ನನ್ನ ಸರ್ಟಿಫಿಕೇಟು ಹುಡುಕಿ ತೆಗೆದು, ಕಿಟಕಿಯ ಆ ಕಡೆಯಿಂದ ಹಿಡಿದುಕೊಂಡೇ ರಿಜಿಸ್ಟರ್ ನಂಬರು ತಾಳೆ ನೋಡತೊಡಗಿದರು. ಅದರ ಮೇಲೆ ನನ್ನ ಹೆಸರು ತಲೆಕೆಳಗಾಗಿ ಕಾಣುತ್ತಿತ್ತು. ಇಷ್ಟು ವರ್ಷ ಕಾದ ಕೈ ಆಗ ಕಾಯಲಿಲ್ಲ. ನನಗೇ ತಿಳಿಯದಂತೆ ಅದು ಮುಂದೆ ಹೋಗಿ ಹಾಳೆಯ ಅಂಚನ್ನು ಹಿಡಿದಿತ್ತು, ಎರಡೇ ಬೆರಳಿನಲ್ಲಿ.

ಪಕ್ಕದಿಂದ ಅವ್ವ ನನ್ನ ಮೊಣಕೈ ಮುಟ್ಟಿದಳು. ಸುಣ್ಣದ ಜೇಬಿನ ಸಂಚಿ ಅವಳ ಸೊಂಟದಲ್ಲಿತ್ತು, ಸರ್ಟಿಫಿಕೇಟು ಅದರಲ್ಲಿ ಹಿಡಿಯುವುದಿಲ್ಲ ಎಂದು ಗೊತ್ತಿದ್ದೂ ತಂದಿದ್ದಳು. ಕ್ಲರ್ಕಿಗೆ ಕೇಳದಷ್ಟು ಮೆಲ್ಲಗೆ ಹೇಳಿದಳು. ಕ್ಲರ್ಕು ತಲೆ ಎತ್ತಿ, ಹಾಂ ಸರಿ ಐತಿ, ತಗೋರಿ ಎಂದು ಕೈ ಬಿಟ್ಟದ್ದು ಅವ್ವ ಈ ಮಾತು ಹೇಳಿ ಮುಗಿಸಿದ ಮೇಲೆಯೇ:

"ಜಗ್ಗಬ್ಯಾಡವ್ವ. ಅವರು ತಗೋ ಅನ್ನಲಿ. ನಿಂದ ಐತಿ ಅದು, ಎಲ್ಲಿಗೂ ಹೋಗಲ್ಲ."